ಯಾವ ಪಾಸಿಂಗ್ರಿ?

ಬಾಗಲಕೋಟೆ ಸೀಮೆಯ ಲಗ್ನಗಳಲ್ಲಿ ಅಕ್ಕಿಕಾಳು ಬೀಳುವ ಹೊತ್ತಿಗೆ ಮಂಟಪದ ಒಳಗಿರದೆ, ಹೊರಗೆ ಗಾಡಿ ನಿಲ್ಲಿಸಿದ ಕಡೆ ಸುಳಿದಾಡುವ ಗಂಡಸರ ಒಂದು ಪಂಗಡವಿದೆ. ಕೈ ಹಿಂದೆ ಕಟ್ಟಿಕೊಂಡು ಕಾರುಗಳ ಸಾಲಿನ ನಡುವೆ ಮೆಲ್ಲಗೆ ನಡೆಯುತ್ತಾರೆ. ಒಂದರ ಮುಂದೆ ನಿಂತು ತಲೆದೂಗುತ್ತಾರೆ, ಇನ್ನೊಂದರ ಹಿಂದೆ ನಿಂತು ಲೊಚಗುಟ್ಟುತ್ತಾರೆ. ಮದುಮಗನ ಹೆಸರು ಅವರಿಗೆ ಗೊತ್ತಿಲ್ಲ. ಆತ ಬಂದಿಳಿದ ಗಾಡಿ ಯಾವ ವರ್ಷದ ಮಾಡೆಲ್ಲು, ಎಷ್ಟನೇ ಓನರ್ ಕೈಯಲ್ಲಿದೆ, ಇವತ್ತು ಮಾರಿದರೆ ಎಷ್ಟು ಹುಟ್ಟುತ್ತದೆ ಎಂಬುದು ಮಾತ್ರ ಊಟಕ್ಕೆ ಕೂಡುವ ಮೊದಲೇ ಇತ್ಯರ್ಥವಾಗಿರುತ್ತದೆ.

ಈ ಪಂಗಡದಲ್ಲಿ ನನ್ನ ಪಾಲಿಗೆ ಬಂದವರನ್ನು ನವನಗರದ ನಮ್ಮ ಓಣಿಯವರು ಪಾಸಿಂಗ್ ಕಾಕಾ ಅನ್ನುತ್ತಾರೆ. ತಂದೆ ತಾಯಿ ಇಟ್ಟ ಹೆಸರು ರೇಷನ್ ಕಾರ್ಡಿನಲ್ಲಿ ಕ್ಷೇಮವಾಗಿದೆ. ಯಾರಾದರೂ ಗಾಡಿ ತಂದರೆ ಲೋಕವೆಲ್ಲ ‘ಎಷ್ಟಕ್ಕ ತಗೊಂಡ್ರಿ?’ ಅಂತ ಕೇಳುತ್ತದೆ. ಕಾಕಾ ಕೇಳುವುದು, ‘ಯಾವ ಪಾಸಿಂಗ್ರಿ?’ ಎದೆನೋವೆಂದು ಆಸ್ಪತ್ರೆ ಸೇರಿದ್ದ ನಮ್ಮ ನೆಂಟರನ್ನು ನೋಡಲು ಬಂದಾಗಲೂ ಮೊದಲ ಪ್ರಶ್ನೆ ಅವರನ್ನು ಕರೆತಂದ ಗಾಡಿಯ ಬಗ್ಗೆಯೇ ಇತ್ತು. ಎದೆಯ ವಿಚಾರ ಆಮೇಲೆ ಬಂತು.

ಹಾಗಂತ ಅದು ಸುಮ್ಮನೆ ಬಾಯಿಗೆ ಬಂದ ಪ್ರಶ್ನೆಯಲ್ಲ. ನಂಬರ್ ಪ್ಲೇಟು ನೋಡಿ ಜಾತಕ ಹೇಳುವ ವಿದ್ಯೆ ಅವರದು. ಕೆಎ 29 ಅಂದರೆ ಬಾಗಲಕೋಟೆ, ಮನೆಮಗಳು, ಚಿಂತೆಯಿಲ್ಲ. 48 ಜಮಖಂಡಿ, ಕಬ್ಬಿನ ಹೊಲದ ದಾರಿ ಕಂಡ ಗಾಡಿ, ಸಸ್ಪೆನ್ಷನ್ ಬುಶ್ ನೋಡಬೇಕು. 19 ಮಂಗಳೂರು, ಉಪ್ಪುಗಾಳಿ ತಿಂದಿರುತ್ತದೆ, ಮೇಲೆ ಎಷ್ಟೇ ಹೊಳೆದರೂ ತಳಕ್ಕೆ ತುಕ್ಕು. ಬೆಂಗಳೂರಿನದಾದರೆ ಬಾಡಿ ಬಂಗಾರ, ಕ್ಲಚ್ ಖಲಾಸ್. ಗೋವಾದ್ದು ಅಗ್ಗ, ಆದರೆ ಅಲ್ಲಿಂದ ಎನ್‌ಓಸಿ ತಂದು ಇಲ್ಲಿ ಮತ್ತೆ ಟ್ಯಾಕ್ಸ್ ಕಟ್ಟುವಷ್ಟರಲ್ಲಿ ಅಗ್ಗ ಹೋಗಿ ಹಗ್ಗ ಉಳಿಯುತ್ತದೆ. ಫಾರಂ 28, 29, 30, 35 ಯಾವ್ಯಾವುದಕ್ಕೆ ಎಂಬುದು ಅವರಿಗೆ ಬಾಯಿಪಾಠ. ತಮ್ಮ ಲಗ್ನದ ತಾರೀಕನ್ನು ಮಾತ್ರ ಕಾಕುನೇ ನೆನಪಿಸಬೇಕು.

ಗಾಡಿಯ ಅಂದಚಂದದ ವಿಷಯಕ್ಕೆ ಬಂದರೆ ಕಾಕಾ ನ್ಯಾಯಾಧೀಶರು, ಮೇಲ್ಮನವಿಗೆ ಅವಕಾಶವಿಲ್ಲ. ಅವರ ನಿಘಂಟಿನಲ್ಲಿ ಗ್ರಿಲ್, ಹೆಡ್‌ಲೈಟು ಎಲ್ಲ ಸೇರಿ ‘ಮಾರಿ’. ಡಿಕ್ಕಿ, ಬಂಪರ್, ಹಿಂದಿನ ದೀಪ ಸೇರಿ ಏನಾಗುತ್ತದೋ ಅದನ್ನು ಅವರು ಅಂದಂತೆ ಇಲ್ಲಿ ಬರೆಯಲಾಗದು. ‘ಈಗಿನ ಗಾಡಿ ಎಲ್ಲಾ ಸಿಟ್ಟಿಗೆದ್ದ ಮಾರಿ ಅದಾವ ನೋಡ್ರಿ. ಯಾರ ಮ್ಯಾಲ ಸಿಟ್ಟೋ ಏನೋ’ ಎನ್ನುತ್ತಾರೆ. 1957ರಿಂದ 2014ರವರೆಗೆ ಹೆಚ್ಚೂಕಡಿಮೆ ಒಂದೇ ಮಾರಿ ಹೊತ್ತು ತಿರುಗಿದ ಅಂಬಾಸಡರ್ ಬಗ್ಗೆ ಅವರಿಗೆ ಗುರುಭಕ್ತಿ. ಕಬ್ಬಿನ ಬಿಲ್ಲು ಬಂದ ವಾರವೇ ಥಾರ್ ತಂದು, ಅದಕ್ಕೆ ಟ್ರ್ಯಾಕ್ಟರಿನಷ್ಟು ಅಗಲದ ಟೈರು ಹಾಕಿಸುವ ಹುಡುಗರ ಬಗ್ಗೆ ಮರುಕ. ಆದರೆ ಅವರ ನಿಜವಾದ ಹಗೆ ಡಿಸೈರ್ ಮೇಲೆ.

2008ರಲ್ಲಿ ಮೊದಲ ಡಿಸೈರ್ ಬಂದಾಗ ಅವರು ಕೊಟ್ಟ ತೀರ್ಪು: ‘ಛಲೋ ಸ್ವಿಫ್ಟಿಗೆ ಬುತ್ತಿಗಂಟು ಕಟ್ಟ್ಯಾರ.’ 2012ರಲ್ಲಿ ಅದೇ ಡಿಕ್ಕಿಯನ್ನು ಕತ್ತರಿಸಿ ಮೊಂಡು ಮಾಡಿ ಬಿಟ್ಟಾಗ, ‘ಗಂಟಿನೊಳಗಿನ ರೊಟ್ಟಿ ಯಾರೋ ತಿಂದಾರ’ ಎಂದರು. ಯಾಕೆ ಹೀಗೆ ಎಂದು ಕೇಳಿದವರಿಗೆ ಚಹಾ ಆರುವ ತನಕ ಪಾಠ. 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿನ ಅಬಕಾರಿ ಸುಂಕವನ್ನು ಶೇ. 24ರಿಂದ ಶೇ. 16ಕ್ಕೆ ಇಳಿಸಿದರು. ಸಣ್ಣದು ಅನ್ನಿಸಿಕೊಳ್ಳಲು ಉದ್ದ ನಾಲ್ಕು ಮೀಟರ್ ದಾಟಬಾರದು, ಇಂಜಿನ್ನು ಪೆಟ್ರೋಲಾದರೆ 1,200 ಸಿಸಿ, ಡೀಸೆಲ್ಲಾದರೆ 1,500 ಸಿಸಿ ಮೀರಬಾರದು. ಮೊದಲ ಡಿಸೈರ್ 4,160 ಮಿಲಿಮೀಟರ್ ಇತ್ತು, ಕತ್ತರಿ ಬಿದ್ದ ಮೇಲೆ 3,995. ಜಿಎಸ್‌ಟಿ ಬಂದ ಮೇಲೂ ಗೆರೆ ಅದೇ ನಾಲ್ಕು ಮೀಟರ್. ‘ಗಾಡಿ ಡಿಸೈನ್ ಮಾಡಿದಾಂವ ಜಪಾನದಾಗ, ಕತ್ತರಿ ಹಾಕಿದಾಂವ ದಿಲ್ಲ್ಯಾಗ’ ಎಂದು ಕಾಕಾ ಬಸಿ ಕೆಳಗಿಡುತ್ತಾರೆ. ಮಾತು ನಿಜ, ಅದೇ ಕಿರಿಕಿರಿ. ತಪ್ಪು ಮಾತಾಡುವವರನ್ನು ತಡೆಯಬಹುದು, ಸರಿ ಮಾತನ್ನೇ ದಿನಾ ಆಡುವವರನ್ನು ತಡೆಯುವುದು ಹೇಗೆ?

ನಾನು ಸೆಕೆಂಡ್ ಹ್ಯಾಂಡ್ ಗಾಡಿ ಕೊಳ್ಳುತ್ತೇನೆಂಬ ಸುದ್ದಿ ಕಾಕಾನ ಕಿವಿಗೆ ಬಿದ್ದದ್ದು ನಮ್ಮ ಮನೆಯಿಂದಲೇ. ಮರುದಿನ ಮುಂಜಾನೆ ಜೇಬಿನಲ್ಲಿ ಟಾರ್ಚು, ಅಯಸ್ಕಾಂತ, ಹಳೆ ಬನಿಯನ್ನಿನ ತುಂಡು ಇಟ್ಟುಕೊಂಡು ಬಾಗಿಲಲ್ಲಿ ನಿಂತಿದ್ದರು. ಇಳಕಲ್ಲಿನಲ್ಲಿ ಎರಡು ಗಾಡಿ ನೋಡುವುದಿತ್ತು. ಇಳಕಲ್ ನನ್ನ ಹೆಂಡತಿಯ ತವರಾದ್ದರಿಂದ ಅವಳೂ ಬಂದಳು.

ಮೊದಲನೆಯದು ಡಾಕ್ಟರ್ ಗಾಡಿ ಎಂದ ಮಧ್ಯಸ್ಥ. ಸೆಕೆಂಡ್ ಹ್ಯಾಂಡ್ ಲೋಕದಲ್ಲಿ ಇದಕ್ಕಿಂತ ದೊಡ್ಡ ಪ್ರಮಾಣಪತ್ರವಿಲ್ಲ. ಡಾಕ್ಟರು ನಿಧಾನ ಓಡಿಸುತ್ತಾರೆ, ಹೊತ್ತಿಗೆ ಸರಿಯಾಗಿ ಸರ್ವಿಸ್ ಮಾಡಿಸುತ್ತಾರೆ ಎಂದು ನಂಬಿಕೆ. ‘ಜಿಲ್ಲಾದಾಗ ಡಾಕ್ಟರಿಗಿಂತ ಡಾಕ್ಟರ್ ಗಾಡಿನ ಭಾಳ ಆಗ್ಯಾವ’ ಎಂದು ಕಾಕಾ ಕೆಲಸ ಶುರುಮಾಡಿದರು. ಬಾಗಿಲಿನ ರಬ್ಬರ್ ಬೀಡಿಂಗ್ ಕಿತ್ತು ಒಳಗಿನ ಬೆಸುಗೆಯ ಚುಕ್ಕಿ ಎಣಿಸಿದರು. ಫ್ಯಾಕ್ಟರಿಯದಾದರೆ ಚುಕ್ಕಿ ದುಂಡಗೆ, ಸಮ ಅಂತರದಲ್ಲಿರುತ್ತವೆ. ಟೈರಿನ ಮೇಲಿನ ನಾಲ್ಕಂಕಿ ಓದಿದರು. ಮೊದಲೆರಡು ವಾರ, ಕೊನೆಯೆರಡು ವರ್ಷ. ಸೀಟ್ ಬೆಲ್ಟನ್ನು ಬುಡದ ತನಕ ಎಳೆದು ಚೀಟಿಯ ತಾರೀಕು ನೋಡಿದರು. ಬಾನೆಟ್ಟಿನ ಬೋಲ್ಟಿಗೆ ಸ್ಪ್ಯಾನರ್ ತಾಗಿದ ಗುರುತಿದೆಯೇ ಎಂದು ಉಗುರಾಡಿಸಿದರು. ಬನಿಯನ್ ತುಂಡು ಸುತ್ತಿದ ಅಯಸ್ಕಾಂತವನ್ನು ಬಾಡಿಗೆ ಹಿಡಿದು ಸರಿಸುತ್ತ ಹೋದರು. ಹಿಂದಿನ ಬಾಗಿಲ ಹತ್ತಿರ ಅದು ಹಿಡಿತ ತಪ್ಪಿ ಅವರ ಅಂಗೈಗೆ ಬಿತ್ತು. ಅಲ್ಲಿ ತಗಡಿರಲಿಲ್ಲ, ಪುಟ್ಟಿ ಇತ್ತು.

ಕಾಕಾ ನನ್ನನ್ನು ಮಾತಾಡಿಸಲಿಲ್ಲ, ನನ್ನ ಹೆಂಡತಿಯನ್ನು ಕರೆದರು. ‘ತಂಗಿ, ನಿಮ್ಮೂರಾಗ ಸೀರಿ ಒಡಲಿಗೆ ಸೆರಗು ಹೆಂಗ ಕೂಡಸ್ತಾರ?’

‘ಕೊಂಡಿ ಹಾಕಿ.’

‘ಈ ಗಾಡೀಗೂ ಕೊಂಡಿ ಹಾಕ್ಯಾರ ನೋಡವಾ. ಒಡಲು ಒಂದ ಗಾಡೀದು, ಸೆರಗು ಮತ್ತೊಂದರದು.’

ಮಧ್ಯಸ್ಥನಿಗೆ ಆಗಲೇ ಯಾವುದೋ ಫೋನು ಬಂತು, ಅತ್ತ ಹೋದವನು ತಿರುಗಿ ಬರಲಿಲ್ಲ.

ಎರಡನೆಯದು ಒಂದೇ ಕೈಯಲ್ಲಿ ಓಡಿದ ಡೀಸೆಲ್ ಸ್ವಿಫ್ಟು. ಎಪ್ರಿಲ್ 2020ರಲ್ಲಿ ಮಾರುತಿಯವರು ಡೀಸೆಲ್ ನಿಲ್ಲಿಸಿದ ಮೇಲೆ ಇಂಥವಕ್ಕೆ ಬೇಡಿಕೆ. ಅದರ 1.3 ಲೀಟರ್ ಇಂಜಿನ್ನು ಮೂಲದಲ್ಲಿ ಫಿಯಟ್‌ನವರದು; ‘ಇಟಲಿ ಗುಂಡಿಗಿ, ಜಪಾನ್ ಮಾರಿ, ಇಳಕಲ್ ಧೂಳ’ ಎಂದು ಕಾಕಾ ಪರಿಚಯಿಸಿದರು. ಇಂಜಿನ್ ಚಾಲೂ ಇಟ್ಟು ಎಣ್ಣೆಯ ಮುಚ್ಚಳ ತೆಗೆದು ಹೊಗೆ ನೋಡಿದರು, ಇರಲಿಲ್ಲ. ಮೀಟರು ಮಾತ್ರ 48 ಸಾವಿರ ತೋರಿಸುತ್ತಿತ್ತು, ಕ್ಲಚ್ ಪೆಡಲಿನ ರಬ್ಬರು ಸವೆದು ಕನ್ನಡಿಯಾಗಿತ್ತು. ‘ಮೀಟರ್ ಒಂದ ಹೇಳತೈತಿ, ಪೆಡಲ್ ಒಂದ ಹೇಳತೈತಿ. ನಾ ಪೆಡಲ್ ಮಾತ ಕೇಳಾಂವ’ ಎಂದು ರೇಟು ಇಳಿಸಿ, ಟ್ರಯಲ್ ನೋಡಿ ಬರುತ್ತೇವೆಂದು ಮಾಲೀಕರ ಮಗನನ್ನೂ ಹಿಂದಿನ ಸೀಟಿಗೆ ಹತ್ತಿಸಿದರು.

ಟ್ರಯಲ್ ಅಂದರೆ ಊರ ಹೊರಗೊಂದು ಸುತ್ತು ಎಂದು ನಾನೂ ಆ ಹುಡುಗನೂ ತಿಳಿದಿದ್ದೆವು. ಹುನಗುಂದ ದಾಟಿತು. ಅಮೀನಗಡದಲ್ಲಿ ಕರದಂಟು ತಿಂದೆವು, ದುಡ್ಡು ಹುಡುಗ ಕೊಟ್ಟ. ಕಡೆಗೆ ಗಾಡಿ ನಿಂತದ್ದು ಐಹೊಳೆಯಲ್ಲಿ. ‘ಗಾಡಿ ಬಿಸಿ ಆಗೇತಿ, ಆರಲಿ’ ಎಂದು ಕಾಕಾ ದುರ್ಗಾ ಗುಡಿಯ ಹಿಂದೆ ಹೋಗಿ ನಿಂತರು. ಆ ಗುಡಿಯ ಹಿಂಭಾಗ ಆನೆಯ ಬೆನ್ನಿನಂತೆ ದುಂಡಗಿದೆ, ಗಜಪೃಷ್ಠ ಅನ್ನುತ್ತಾರೆ. ನಮ್ಮ ಚಾಲುಕ್ಯರ ಕಾಲದ್ದು.

‘ನೋಡ್ರಿ ಸರ, ಇದಕ್ಕ ಲೈನ್ ಅಂತಾರ. ಮುಂದ ಹಿಡಿದ ಗೆರಿ ಹಿಂದಿನ ತನಕ ಎಲ್ಲೂ ಹರದಿಲ್ಲ. ಗಾಡಿ ಹಿಂಗ ಇರಬೇಕು.’ ಆಮೇಲೆ ಮೇಲೆ ನೋಡಿದರು. ಅಲ್ಲಿ ಮುರಿದುಳಿದ ಶಿಖರ. ಮುಖ ಹುಳ್ಳಗಾಯಿತು. ‘ಅದೊಂದ ಕೆಡಸೇತಿ. ಡಿಸೈರ್ ಡಿಕ್ಕಿ!’

ನಾನು ನಕ್ಕುಬಿಟ್ಟೆ. ಮನೆಗೆ ಬಂದು ಪುಸ್ತಕ ತೆಗೆದರೆ, ಆ ಶಿಖರಕ್ಕೂ ಕೆಳಗಿನ ಕಟ್ಟಡಕ್ಕೂ ಹೊಂದಿಕೆಯಿಲ್ಲ, ಆಮೇಲೆ ಸೇರಿಸಿದ್ದಿರಬೇಕೆಂದು ವಿದ್ವಾಂಸರೂ ಬರೆದಿದ್ದಾರೆ! ಪಕ್ಕದ ಲಾಡಖಾನ್ ಗುಡಿಗೆ ಆ ಹೆಸರು ಬಂದದ್ದು ಮುಂದೆ ಎಷ್ಟೋ ಕಾಲಕ್ಕೆ ಅದರಲ್ಲಿ ವಾಸವಿದ್ದವನಿಂದ ಎಂದು ಗೈಡು ಹೇಳಿದಾಗಲಂತೂ ಕಾಕಾ ರೋಮಾಂಚನಗೊಂಡರು. ‘ಕಟ್ಟಿಸಿದಾಂವ ಯಾರೋ, ಹೆಸರು ಸೆಕೆಂಡ್ ಓನರ್‌ದು! ತಿಳೀತ?’ ಹಿಂದಿನ ಸೀಟಿನ ಹುಡುಗ ಡೀಸೆಲ್ ಮುಳ್ಳನ್ನೇ ನೋಡುತ್ತಿದ್ದ.

ಗಾಡಿ ಪಾಸಾಯಿತು, ಬಣ್ಣದಲ್ಲಿ ತಕರಾರಾಯಿತು. ಅದು ಬಿಳಿ. ನನ್ನ ಹೆಂಡತಿಗೆ ಬೇಕಿದ್ದದ್ದು ಇಳಕಲ್ ಸೀರೆಯ ಸೆರಗಿನ ಕೆಂಪು. ಕಾಕಾ ವಾದ ಮಂಡಿಸಿದರು: ನಮ್ಮ ಬಿಸಿಲಿಗೆ ಕೆಂಪು ಮಾಸುತ್ತದೆ, ಟಚ್ ಅಪ್ ಮಾಡಿಸಿದರೆ ಬಣ್ಣ ಕೂಡುವುದಿಲ್ಲ, ಬಿಳಿ ಬೇಗ ಕಾಯುವುದಿಲ್ಲ. ಎಲ್ಲಕ್ಕಿಂತ ದೊಡ್ಡದು, ‘ನಾಳೆ ಮಾರೂ ಮುಂದ?’ ಇನ್ನೂ ಕೊಳ್ಳದ ಗಾಡಿಯನ್ನು ಮಾರುವ ಚಿಂತೆಯಲ್ಲಿ ನಾವು ಬಿಳಿಯದನ್ನೇ ತಂದೆವು. ಕೆಂಪು ಗಾಡಿ ಎದುರು ಬಂದಾಗಲೆಲ್ಲ ನನ್ನ ಹೆಂಡತಿ ಕಿಟಕಿಯ ಆಚೆ ನೋಡುತ್ತಾಳೆ, ನಾನು ರಸ್ತೆ ನೋಡುತ್ತೇನೆ.

ಕಾಕಾನ ಸ್ವಂತ ಗಾಡಿಯೂ ಬಿಳಿಯೇ. ಶೋರೂಮಿನವರು ಹೊದಿಸಿದ ಪ್ಲಾಸ್ಟಿಕ್ ಇನ್ನೂ ಸೀಟಿನ ಮೇಲಿದೆ. ಬೇಸಿಗೆಯಲ್ಲಿ ಬಾದಾಮಿಯ ಬನಶಂಕರಿಗೆ ಹೊರಟರೆ ಕಾಕು ಅದಕ್ಕೆ ಅಂಟಿಕೊಂಡೇ ಹೋಗಿ ಅಂಟಿಕೊಂಡೇ ಬರುತ್ತಾರೆ. ಒಳಗೆ ಗಿರಮಿಟ್ ತಿನ್ನುವಂತಿಲ್ಲ. ಮೊಮ್ಮಗ ಕಾಲು ಮೇಲೆ ಇಡುವಂತಿಲ್ಲ. ಎಲ್ಲವೂ ಮುಂದೆಂದೋ ಬರುವ ಸೆಕೆಂಡ್ ಓನರ್‌ಗಾಗಿ. ಊರು, ಹೆಸರು ಗೊತ್ತಿಲ್ಲದ ಆ ಪುಣ್ಯಾತ್ಮನನ್ನು ಕಾಕಾ ಅಳಿಯನಿಗಿಂತ ಹೆಚ್ಚು ಮರ್ಯಾದೆಯಿಂದ ಕಾಯುತ್ತಿದ್ದಾರೆ.

ಯಾಕೆ ಹೀಗೆ ಎಂದು ಒಮ್ಮೆ ಅವರೇ ಹೇಳಿದರು. ಅವರ ಅಪ್ಪನ ಮನೆ ಹಳೇ ಬಾಗಲಕೋಟೆಯಲ್ಲಿತ್ತು. ಆಲಮಟ್ಟಿಯ ನೀರು 519.60 ಮೀಟರಿಗೆ ನಿಲ್ಲುತ್ತದೆಂದು ಆದ ಮೇಲೆ ಅಳತೆಯವರು ಬಂದರು. ಗೋಡೆ ಎಷ್ಟು ದಪ್ಪ, ಜಂತಿ ಯಾವ ಕಟ್ಟಿಗೆ, ಮನೆಗೆ ಎಷ್ಟು ವಯಸ್ಸು ಎಂದು ಬರೆದುಕೊಂಡರು. ವಯಸ್ಸಾದಷ್ಟೂ ಬೆಲೆ ಕಡಿಮೆ. ‘ಅಪ್ಪ ಆ ವರ್ಷನ ಸುಣ್ಣ ಹಚ್ಚಿಸಿದ್ದ. ಹೊಸದಾಗಿ ಕಾಣತೈತಿ, ನೋಡ್ರಿ ನೋಡ್ರಿ ಅಂತ ಅವರ ಹಿಂದಿಂದ ತಿರುಗಿದ. ಸುಣ್ಣಕ್ಕ ರೇಟ್ ಇರಲಿಲ್ರಿ.’ ಇಷ್ಟು ಹೇಳಿ, ಎದುರಿಗೆ ಬಂದ ಗಾಡಿಯತ್ತ ಬೆರಳು ತೋರಿಸಿ, ‘28 ಪಾಸಿಂಗ್, ವಿಜಯಪುರದ್ದು’ ಎಂದರು.

ಬಳಸಿದ ಮನೆಗೆ ರೇಟಿಲ್ಲ ಎಂದು ಕಂಡ ಮಗ ಬಳಸದೆಯೇ ಕಾಪಾಡುವುದನ್ನು ಕಲಿತರೆ ಆಶ್ಚರ್ಯವಿಲ್ಲ. ಈಗ ಅಣೆಕಟ್ಟೆಯ ನೀರು 524.256 ಮೀಟರಿಗೆ ಏರುವ ಮಾತು ನಮ್ಮ ಜಿಲ್ಲೆಯ ಕಟ್ಟೆಕಟ್ಟೆಯಲ್ಲೂ ನಡೆದಿದೆ, ಇನ್ನೆಷ್ಟು ಮನೆಗಳಿಗೆ ಅಳತೆಯ ಟೇಪು ಬರುವುದಿದೆಯೋ. ಆ ಪ್ಲಾಸ್ಟಿಕ್ ಸೀಟಿನ ಬಗ್ಗೆ ನಗುವುದನ್ನು ನಾನು ಕಡಿಮೆ ಮಾಡಿದ್ದೇನೆ. ಪೂರ್ತಿ ಬಿಟ್ಟಿಲ್ಲ, ಅದರ ಮೇಲೆ ಬನಶಂಕರಿಯ ತನಕ ಕೂತು ಬಂದವರಿಗೆ ಅದು ಸಾಧ್ಯವೂ ಇಲ್ಲ.

ಓದುಗರಲ್ಲಿ ನನ್ನ ವಿನಂತಿ ಇಷ್ಟೇ. ಹಳೆ ಗಾಡಿ ನೋಡಲು ಹೋಗುವಾಗ ಇಂಥ ಒಬ್ಬರನ್ನು ತಪ್ಪದೆ ಕರೆದುಕೊಂಡು ಹೋಗಿ, ಲಕ್ಷಗಟ್ಟಲೆ ಉಳಿಯುತ್ತದೆ. ಟೈರು, ತುಕ್ಕು, ಕಾಗದಪತ್ರದ ವಿಷಯದಲ್ಲಿ ಅವರು ಹೇಳಿದ್ದೇ ಕೊನೆಯ ಮಾತಾಗಲಿ. ಬಣ್ಣವನ್ನು ಮಾತ್ರ ಅದರಲ್ಲಿ ಕೂತು ತಿರುಗುವವರನ್ನು ಕೇಳಿ ಆರಿಸಿ.