ಭಾರದ ಬಾಟಲಿ

ಝಿನ್‌ಫ್ಯಾಂಡೆಲ್ ಕ್ಯಾಲಿಫೋರ್ನಿಯಾದ ಮನೆಮಗ, ಆದರೆ ಹುಟ್ಟಿದ್ದು ಅಲ್ಲಲ್ಲ. 1820ರ ದಶಕದಲ್ಲಿ ಅಮೆರಿಕದ ಪೂರ್ವ ತೀರಕ್ಕೆ ಬಂದಿಳಿದ ಈ ದ್ರಾಕ್ಷಿಬಳ್ಳಿ, ಚಿನ್ನದ ಹುಚ್ಚು ಹತ್ತಿದವರ ಬೆನ್ನಿಗೇ ಪಶ್ಚಿಮಕ್ಕೆ ಸಾಗಿತು. ಅದರ ತವರು ಕ್ರೊಯೇಷಿಯಾದ ಕರಾವಳಿ ಎಂದು 2001ರಲ್ಲಿ ಡಿಎನ್‌ಎ ಪರೀಕ್ಷೆಯಿಂದ ಗೊತ್ತಾಯಿತು. ಇಟಲಿಯ ಪ್ರಿಮಿಟಿವೊ ಕೂಡ ಇದೇ ತಳಿ. ವಂಶಾವಳಿ ಇಷ್ಟು ಸಾಕು. ಕೊಳ್ಳುವವನಿಗೆ ಬೇಕಾದದ್ದು ಎರಡೇ: ವೈನು ಮೈತುಂಬಿರಬೇಕು, ಬೆಲೆ ಇಪ್ಪತ್ತು ಡಾಲರಿನ ಆಸುಪಾಸಿನಲ್ಲಿರಬೇಕು.

ಮೈ ಎಂದರೆ ವೈನು ನಾಲಿಗೆಯ ಮೇಲೆ ಕೂರುವ ಭಾರ. ತಿಳಿಸಾರಿಗೂ ಹುಳಿಗೂ ಇರುವ ಅಂತರವೇ ಅದು. ಆ ಭಾರ ಬಹುಪಾಲು ಆಲ್ಕೊಹಾಲಿನಿಂದ, ಆಲ್ಕೊಹಾಲು ಹಣ್ಣಿನ ಸಕ್ಕರೆಯಿಂದ. ಝಿನ್‌ಫ್ಯಾಂಡೆಲ್ ಗೊಂಚಲು ಒಗ್ಗಟ್ಟಿಲ್ಲದ ಕುಟುಂಬ: ಒಂದು ಹಣ್ಣು ಇನ್ನೂ ಹಸಿರು, ಪಕ್ಕದ್ದು ಮಾಗಿದೆ, ಅದರಾಚೆಯದು ಆಗಲೇ ಒಣದ್ರಾಕ್ಷಿ. ಹಸಿರು ಮಾಗಲೆಂದು ಕಾದಷ್ಟೂ ಉಳಿದವುಗಳಲ್ಲಿ ಸಕ್ಕರೆ ಏರುತ್ತದೆ. ಶೇಕಡ 15ರ ಆಲ್ಕೊಹಾಲು ಇಲ್ಲಿ ಮಾಮೂಲು. ಅಂದರೆ ಈ ತಳಿಗೆ ಮೈ ಬರಲು ದುಡ್ಡು ಸುರಿಯಬೇಕಿಲ್ಲ, ಬಿಸಿಲು ಸಾಕು.

ಇದು ತಿಳಿಯದೆ ಕೊಳ್ಳಹೊರಟರೆ ಏನಾಗುತ್ತದೆ ಎಂಬುದಕ್ಕೆ ಫ್ರೀಮಾಂಟಿನ ಕನ್ನಡಿಗ ಗಿರಾಕಿಯೊಬ್ಬ ನಿದರ್ಶನ. (ಆತನ ವಿಷಯದಲ್ಲಿ ಈ ಬರಹಕ್ಕಿರುವ ಮಾಹಿತಿ ಅನುಮಾನ ಹುಟ್ಟಿಸುವಷ್ಟು ವಿವರವಾಗಿದೆ.) ಆತ ಅಂಗಡಿಯಲ್ಲಿ ಎರಡೂ ಕೈಯಲ್ಲಿ ಒಂದೊಂದು ಬಾಟಲಿ ಹಿಡಿದು ತೂಗಿದ. ಬಲಗೈಯದು ಭಾರ. ಸಂದೇಹಕ್ಕೆ ಕೈ ಅದಲುಬದಲು ಮಾಡಿದ. ಈಗ ಎಡಗೈಯದು ಭಾರ. ಬಳಿಕ, ಸಂತೆಯಲ್ಲಿ ತೆಂಗಿನಕಾಯಿ ಆರಿಸಿದ ಅಭ್ಯಾಸಬಲದಿಂದ, ಬಾಟಲಿಯನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಿದ. ಗುಳುಗುಳು ಸದ್ದು ಬಂತು. ಬಾಟಲಿಯ ತಳದ ಗುಳಿಗೆ ಹೆಬ್ಬೆರಳು ತೂರಿಸಿ ಆಳ ನೋಡಿದ. ಹಲಸಿನಹಣ್ಣಿಗೆ ಮಾಡುವಂತೆ ಬೆರಳಗೆಣ್ಣಿನಿಂದ ಎರಡು ಸಲ ತಟ್ಟುವ ಹೊತ್ತಿಗೆ ಅಂಗಡಿಯ ಹುಡುಗ ಬಂದು, ಏನಾದರೂ ಸಹಾಯ ಬೇಕೆ ಎಂದ. ಗಿರಾಕಿ ತಡಬಡಿಸಿ, "ಇದು ತುಂಬಿದ್ದೇ ತಾನೇ?" ಎಂದು ಕೇಳಿದ. "ಎಲ್ಲ ಬಾಟಲಿಗಳೂ ತುಂಬಿಯೇ ಇವೆ, ಸರ್" ಎಂದ ಹುಡುಗ.

ಮರ್ಯಾದೆಗೆ ಅಂಜಿ ಆತ ಭಾರದ್ದನ್ನೇ ಮೂವತ್ತೆಂಟು ಡಾಲರಿಗೆ ಕೊಂಡ. ಎರಡರಲ್ಲೂ ಇದ್ದದ್ದು ಅದೇ 750 ಮಿಲಿಲೀಟರ್, ಮಿಕ್ಕದ್ದು ಗಾಜು.

ನೋಡಬೇಕಾದದ್ದು ಚೀಟಿಯ ಸಣ್ಣಕ್ಷರಗಳನ್ನು. ಆಲ್ಕೊಹಾಲು 14.5 ದಾಟಿದ್ದರೆ ಮೈ ಇರುತ್ತದೆ. ಶೇಕಡ 14ಕ್ಕಿಂತ ಗಟ್ಟಿಯಾದ ವೈನಿಗೆ ಅಮೆರಿಕದ ಕಾನೂನು ಒಂದು ಶೇಕಡಾಂಶದ ಹೆಚ್ಚುಕಡಿಮೆಗೆ ಅವಕಾಶ ಕೊಟ್ಟಿರುವುದರಿಂದ, ಬರೆದದ್ದಕ್ಕಿಂತ ತುಸು ಹೆಚ್ಚೂ ಇರಬಹುದು. ಆಮೇಲೆ ಕ್ಯಾಲಿಫೋರ್ನಿಯಾದ ಯಾವ ಊರಿನದು ಎಂಬುದು. ಡ್ರೈ ಕ್ರೀಕ್ ಕಣಿವೆಯದು ಸೊಗಸು, ಬೆಲೆಯೂ ಹಾಗೇ. ಲೋಡಿಯದು ಹಗಲ ಬಿಸಿಲಿಗೆ ಚೆನ್ನಾಗಿ ಮಾಗಿದ್ದು, ಕೈಗೆಟುಕುವಂಥದು. ಅಲ್ಲಿಯ ಕ್ಲಿಂಕರ್ ಬ್ರಿಕ್ ನಂಬಬಹುದಾದ ಹೆಸರು. ಇನ್ನೂ ಅಗ್ಗಕ್ಕೆ ಬೋಗಲ್ ಇದೆ.

"ಓಲ್ಡ್ ವೈನ್", ಅಂದರೆ ಹಳೆಯ ಬಳ್ಳಿಯದು, ಎಂಬ ಘೋಷಣೆಗೆ ಸೋಲಬಾರದು. ಎಷ್ಟು ವರ್ಷಕ್ಕೆ ಬಳ್ಳಿ ಹಳೆಯದಾಗುತ್ತದೆ ಎಂದು ಅಮೆರಿಕದ ಕಾನೂನೇ ಹೇಳಿಲ್ಲ. "ರಿಸರ್ವ್" ಎಂಬುದಕ್ಕೂ ಅಷ್ಟೇ ಅರ್ಥ. ಈ ಎರಡು ಪದ ಕಂಡೊಡನೆ ಕಣ್ಣರಳಿಸಿ ಪಕ್ಕದವರಿಗೆ ಪಾಠ ಹೇಳುವ ರಸಿಕರು ಪ್ರತಿ ಔತಣದಲ್ಲೂ ಒಬ್ಬರಾದರೂ ಇರುತ್ತಾರೆ, ಅವರಿಗೆ ಮದ್ದಿಲ್ಲ.

ನಿಜವಾಗಿ ನೂರು ದಾಟಿದ ಬಳ್ಳಿಗಳೂ ಲೋಡಿಯಲ್ಲಿವೆ. ತಂತಿಯ ಆಸರೆಯಿಲ್ಲದೆ ಗಿಡ್ಡ ಮರಗಳಂತೆ ಒಂದೊಂದೇ ನಿಂತಿರುತ್ತವೆ, ಕೈಯಿಂದಲೇ ಕೊಯ್ಯಬೇಕು. ಅಂಥವುಗಳ ಪ್ರಾಣ ಉಳಿಸಿದ್ದು ಒಂದು ಎಡವಟ್ಟು: 1975ರಲ್ಲಿ ಸಟರ್ ಹೋಮ್ ಎಂಬ ವೈನರಿಯಲ್ಲಿ ಹುದುಗುವಿಕೆ ಅರ್ಧಕ್ಕೇ ನಿಂತು, ಸಿಹಿ ಉಳಿದ ಗುಲಾಬಿ ಬಣ್ಣದ ವೈಟ್ ಝಿನ್‌ಫ್ಯಾಂಡೆಲ್ ಹುಟ್ಟಿತು. ರಸಿಕರು ಮೂಗು ಮುರಿದರು, ಜನ ಮುಗಿಬಿದ್ದು ಕುಡಿದರು. ಕೀಳಬೇಕೆಂದಿದ್ದ ಎಷ್ಟೋ ಮುದಿಬಳ್ಳಿಗಳು ಅದರಿಂದಾಗಿ ಉಳಿದವು. ಆದರೆ ಈಚಿನ ವರ್ಷಗಳಲ್ಲಿ ಹಣ್ಣಿಗೆ ಕೊಳ್ಳುವವರಿಲ್ಲದೆ ರೈತರು ಅಂಥವನ್ನೂ ಬುಡಸಮೇತ ಕಿತ್ತು ರಾಶಿ ಹಾಕುತ್ತಿದ್ದಾರೆ. ನೂರು ವರ್ಷದ ಬುಡ ಏಳಲು ಯಂತ್ರಕ್ಕೆ ಬಹಳ ಹೊತ್ತು ಬೇಡ.

ಬಡಿಸುವಾಗ ಬಾಟಲಿ ಕೊಂಚ ತಣ್ಣಗಿರಲಿ, ಇಲ್ಲವಾದರೆ ಆಲ್ಕೊಹಾಲಿನ ಘಾಟೇ ಮುಂದೆ ಬರುತ್ತದೆ. ಖಾರದ ಬಿಸಿಬೇಳೆಬಾತಿನ ಜೊತೆ ಬೇಡ; ಗಟ್ಟಿ ವೈನು ಖಾರವನ್ನು ಇನ್ನಷ್ಟು ಉರಿಸುತ್ತದೆ. ಮೇಲೆ ಹೇಳಿದ ಗಿರಾಕಿ ಅದನ್ನೂ ಪ್ರಯೋಗಿಸಿ ನೋಡಿದ್ದಾನೆ. ಮೂವತ್ತೆಂಟು ಡಾಲರಿನ ಆ ಬಾಟಲಿ ಈಗ ಆತನ ಅಡುಗೆಮನೆಯ ಕಿಟಕಿಯಲ್ಲಿ ಮನಿಪ್ಲಾಂಟ್ ಹೊತ್ತು ನಿಂತಿದೆ. ಎಂಥ ಗಾಳಿಗೂ ಉರುಳುವುದಿಲ್ಲ.