ಗುರ್ ಗುರ್ ಗಾಲಿ

ಮುಂಬೈ ಬಳಿಯ ಮುಂಬ್ರಾ ಬೈಪಾಸಿನಲ್ಲಿ ಬೈಕ್ ಓಡಿಸುವವನಿಗೆ ತನ್ನ ಗಾಲಿಯ ಸದ್ದು ಕೇಳಿಸುವುದೇ ಒಂದು ಪವಾಡ. ಒಂದು ಕಡೆ ಪಾರ್ಸಿಕ್ ಗುಡ್ಡ, ಪಕ್ಕದಲ್ಲಿ ನ್ಹಾವಾ ಶೇವಾ ಬಂದರಿನ ಕಂಟೇನರ್ ಲಾರಿಗಳು, ಮಳೆಗಾಲದಲ್ಲಿ ಬಾಯಿ ಬಿಡುವ ಹೊಂಡಗಳು. 2018ರಲ್ಲಿ ಈ ರಸ್ತೆಯನ್ನು ದುರಸ್ತಿಗೆಂದು ತಿಂಗಳುಗಟ್ಟಲೆ ಮುಚ್ಚಿದ್ದರು. ಬೇರಿಂಗುಗಳಿಗೆ ಅಂಥ ರಜೆಯ ಭಾಗ್ಯವಿಲ್ಲ.

ಹೀಗಾಗಿ ಪಕ್ಕದ ಕೌಸಾದ ಗಲ್ಲಿಯೊಂದರ ಅಳಿಯರಾಯರ ಬೈಕು ಗುರ್ ಎನ್ನತೊಡಗಿದ್ದು ಮೊದಲು ಗೊತ್ತಾದದ್ದು ಕಟ್ಟಡದವರಿಗೆ. ವಾಚ್‌ಮನ್ ಟೈರನ್ನು ದೂರಿದ, ಹಾಲಿನವನು ಚೈನನ್ನು. ಗಲ್ಲಿಯ ತುದಿಯ ಗ್ಯಾರೇಜಿನ ಉಸ್ತಾದ್ ಕುಳಿತಲ್ಲಿಂದಲೇ “ಬೇರಿಂಗ್ ಗಯಾ, ಭಾಯ್” ಎಂದು ತೀರ್ಪು ಕೊಟ್ಟ. ವಿಜಯಪುರದಿಂದ ಬಂದಿದ್ದ ಮಾವನವರದು ಒಂದೇ ಪ್ರಶ್ನೆ: “ಅಳಿಯಂದ್ರ, ಗಾಲಿಗೆ ಕೀಲೆಣ್ಣಿ ಹಾಕೀರೋ ಇಲ್ಲೋ?”

ಎತ್ತಿನ ಗಾಡಿಗೆ ಅದು ಸರಿಯಾದ ಮದ್ದು. ಎರಡೂ ಬದಿಗೆ ರಬ್ಬರ್ ಸೀಲ್ ಇರುವ ಬೇರಿಂಗಿಗೆ ಹೊರಗಿನಿಂದ ಎಷ್ಟು ಎಣ್ಣೆ ಸುರಿದರೂ ಒಳಗಿನ ಗುಂಡುಗಳಿಗೆ ಮುಟ್ಟುವುದಿಲ್ಲ. ಬ್ರೇಕಿಗೆ ಮಾತ್ರ ಮುಟ್ಟೀತು!

ಅಳಿಯರಾಯರು ಪರೀಕ್ಷೆಗಿಳಿದರು. ಇಳಿಜಾರಿನಲ್ಲಿ ಎಂಜಿನ್ ಆರಿಸಿ ನ್ಯೂಟ್ರಲ್‌ನಲ್ಲಿ ಬಿಟ್ಟರೂ ಸದ್ದು ನಿಲ್ಲಲಿಲ್ಲ, ಎಂದರೆ ಎಂಜಿನ್ ನಿರಪರಾಧಿ. ವೇಗ ಏರಿದಂತೆ ಗುರುಗುಟ್ಟುವಿಕೆಯೂ ಏರಿತು. ಆಮೇಲೆ ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ನಿಲ್ಲಿಸಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದು ಅಡ್ಡಡ್ಡ ಅಲ್ಲಾಡಿಸಿದಾಗ ಕಟಕ್ ಎಂದಿತು. ಮೆಲ್ಲಗೆ ತಿರುಗಿಸಿ, ಸ್ಕ್ರೂಡ್ರೈವರಿನ ತುದಿಯನ್ನು ಆಕ್ಸಲ್‌ಗೆ ಒತ್ತಿ ಹಿಡಿಯನ್ನು ಕಿವಿಗಿಟ್ಟರೆ ಒಳಗೆ ಮರಳು ಅರೆದ ಸದ್ದು. ಉಸ್ತಾದ್ ಗೆದ್ದಿದ್ದ.

ಗಾಲಿ ಬಿಚ್ಚಿದ್ದಾಯಿತು. ಹಬ್ಬಿನ ಎರಡು ಬದಿಗೆ ಎರಡು ಬೇರಿಂಗು, ನಡುವೆ ಒಂದು ಕಬ್ಬಿಣದ ಕೊಳವೆ. ಕೊಳವೆಯನ್ನು ಕೊಂಚ ಸರಿಸಿ, ಆಚೆ ಬದಿಯಿಂದ ಕಬ್ಬಿಣದ ಸರಳು ತೂರಿಸಿ, ಸುತ್ತಲೂ ಸ್ವಲ್ಪಸ್ವಲ್ಪ ಬಡಿಯುತ್ತ ಬಂದರೆ ಬೇರಿಂಗು ಹೊರಬೀಳುತ್ತದೆ. ಅಂಚನ್ನು ಒರೆಸಿದಾಗ 6301 ಎಂಬ ಅಂಕಿ ಕಂಡಿತು. ಇದೇ ಅದರ ಜಾತಕ: ಒಳರಂಧ್ರ 12 ಮಿ.ಮೀ., ಹೊರವ್ಯಾಸ 37, ದಪ್ಪ 12. ಕೊನೆಯ 01 ಎಂದರೆ 12, 02 ಎಂದರೆ 15, 03 ಎಂದರೆ 17. 04ರಿಂದ ಮುಂದೆ ಐದರಿಂದ ಗುಣಿಸಿದರೆ ಸಾಕು. ಅಂಗಡಿಯವನಿಗೆ ಬೈಕಿನ ವಂಶಾವಳಿ ಹೇಳಬೇಕಿಲ್ಲ, ಈ ಅಂಕಿ ಹೇಳಿದರಾಯಿತು.

ಹೊಸ ಜೋಡಿ ಫ್ರೀಜರ್ ಸೇರಿತು. ತಣ್ಣಗಾದ ಉಕ್ಕು ಕೂದಲೆಳೆಗಿಂತ ಕಡಿಮೆ ಕುಗ್ಗುತ್ತದೆ, ಬಿಸಿನೀರಿನ ಬಟ್ಟೆ ಸುತ್ತಿದ ಅಲ್ಯೂಮಿನಿಯಂ ಹಬ್ಬು ಕೊಂಚ ಹಿಗ್ಗುತ್ತದೆ. ಕೂರಿಸಲು ಅಷ್ಟು ಸಾಕು. ಇದು ಗೊತ್ತಿಲ್ಲದ ಮನೆಯಾಕೆ ಬಟಾಣಿ ಪೊಟ್ಟಣ ತೆಗೆಯಲು ಹೋಗಿ, “ರೀ, ಇಲ್ಲಿ ಏನಿಟ್ಟೀರಿ? ನಾಳೆ ಸುತ್ತಿಗಿನೂ ಇಡ್ತೀರೇನು?” ಎಂದು ಕೇಳಿದಳು. ಮಾವನವರು ಪೇಪರಿನ ಹಿಂದೆ ಅಡಗಿದರು.

ಕೂರಿಸುವಾಗ ಪೆಟ್ಟು ಹೊರಬಳೆಯ ಮೇಲೆಯೇ ಬೀಳಬೇಕು. ಒಳಬಳೆಗೆ ಬಡಿದರೆ ಪೆಟ್ಟು ಗುಂಡುಗಳ ಮೂಲಕ ಹಾದು ಓಟದ ಹಾದಿಯಲ್ಲಿ ತಗ್ಗು ಮೂಡಿಸುತ್ತದೆ, ಹೊಸದೂ ಮೊದಲ ದಿನವೇ ಗುರ್ ಎನ್ನುತ್ತದೆ. ಹಳೆಯ ಬೇರಿಂಗನ್ನೇ ಮೇಲಿಟ್ಟು ಬಡಿಯುವುದು ಗ್ಯಾರೇಜಿನವರ ಜಾಣತನ. ತೆಗೆದ ಹಳೆಯವನ್ನು ಕಟ್ಟಡದ ಹುಡುಗರು ಹಲಗೆ ಗಾಡಿಗೆ ಕೇಳಿ ಒಯ್ದರು.

ಮನೆಯಲ್ಲೇ ಈ ಕೆಲಸಕ್ಕೆ ಕೈ ಹಾಕುವವರು ಎರಡು ಬೇರಿಂಗನ್ನೂ ಒಟ್ಟಿಗೆ ಬದಲಿಸಿ, ನಡುವಿನ ಕೊಳವೆಯನ್ನು ಮರೆಯಬೇಡಿ. ಅದಿಲ್ಲದೆ ನಟ್ಟು ಬಿಗಿದರೆ ಹೊಸ ಜೋಡಿಯೂ ಬೇಗನೆ ಹಾಳಾಗುತ್ತದೆ.