ಅಪ್‌ಲೋಡ್ ಮೀಮಾಂಸೆ

ಉಪೋದ್ಘಾತ

ಶಾಸ್ತ್ರಗ್ರಂಥ ಬರೆಯುವವರು ಮೊದಲಿಗೆ ಅನುಬಂಧ ಚತುಷ್ಟಯವನ್ನು ನಿರೂಪಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆ. ಅದರಂತೆ, ವಿಷಯ: ಸರ್ಕಾರಿ ಶಾಲೆಯ ಡಿಜಿಟಲ್ ಕಲಿಕೆ ಮತ್ತು ಶಿಕ್ಷಕರ ಮನೋಭಾವ. ಪ್ರಯೋಜನ: ಮೇಲಿನವರು ಕೇಳಿದಾಗ ಕೊಡಲು ಒಂದು ವರದಿ. ಸಂಬಂಧ: ಈ ಎರಡರ ನಡುವೆ ಇರಬೇಕಾದದ್ದು, ಸಿಕ್ಕ ಕೂಡಲೇ ತಿಳಿಸಲಾಗುವುದು. ಅಧಿಕಾರಿ: ಸದ್ಯ ವಿಡಿಯೊ ಕಾನ್ಫರೆನ್ಸ್‌ನಲ್ಲಿದ್ದಾರೆ. ಗ್ರಂಥಕರ್ತನು ಹಿರಿಯ ಪ್ರಾಥಮಿಕ ಶಾಲೆಯೊಂದರ ಸಹಶಿಕ್ಷಕ. ಕನ್ನಡ, ಸಮಾಜ ವಿಜ್ಞಾನ, ಬಿಸಿಯೂಟದ ಲೆಕ್ಕ ಮತ್ತು ಮರೆತುಹೋದ ಪಾಸ್‌ವರ್ಡ್‌ಗಳು ಈತನ ಅಧ್ಯಯನ ಕ್ಷೇತ್ರಗಳು. ಗ್ರಂಥರಚನೆಯ ಸ್ಥಳ ಶಾಲೆಯ ಧ್ವಜಕಟ್ಟೆ. ನೆಟ್‌ವರ್ಕ್ ಸಿಗುವುದು ಅಲ್ಲಿ ಮಾತ್ರ.

ಪ್ರಥಮ ಸೂತ್ರ: ಅಪ್‌ಲೋಡ್ ಆದದ್ದೇ ಕಲಿಕೆ.

ಭಾಷ್ಯ: ಮೂರನೇ ತರಗತಿಯ ಹುಡುಗಿಯೊಬ್ಬಳು ಇಂದು ಮೊದಲ ಸಲ ಒತ್ತಕ್ಷರಗಳಲ್ಲಿ ತಡವರಿಸದೆ ಒಂದು ಪುಟ ಓದಿದಳು ಎನ್ನಿ. ಅದಕ್ಕೆ ಯಾವ ಫಾರ್ಮಿನಲ್ಲೂ ಕಾಲಂ ಇಲ್ಲ. ಆದ್ದರಿಂದ ಅದು ನಡೆದಿಲ್ಲ. ಅದೇ ಹೊತ್ತಿನಲ್ಲಿ ಓದುವ ಅಭಿಯಾನದ ಬ್ಯಾನರಿನ ಕೆಳಗೆ ಮಕ್ಕಳೆಲ್ಲ ಪುಸ್ತಕ ಹಿಡಿದು ನಿಂತ ಫೋಟೊ, ಅದರಲ್ಲಿ ಇಬ್ಬರ ಪುಸ್ತಕ ತಲೆಕೆಳಗು, ಗ್ರೂಪಿಗೆ ಹೋಯಿತು ಎನ್ನಿ. ಅದು ನಡೆದಿದೆ. ಇಷ್ಟು ತಿಳಿದವನು ಶಾಸ್ತ್ರದ ಮೊದಲ ಮೆಟ್ಟಿಲು ಹತ್ತಿದಂತೆ.

ಯಂತ್ರಪುರಾಣ ಕಾಂಡ

ಈ ಶಾಸ್ತ್ರದ ಆದ್ಯಪ್ರವರ್ತಕ ಥಾಮಸ್ ಆಲ್ವಾ ಎಡಿಸನ್. ಶಾಲೆಗಳಲ್ಲಿ ಪುಸ್ತಕದ ಕಾಲ ಮುಗಿಯುತ್ತ ಬಂತು, ಹತ್ತು ವರ್ಷದೊಳಗೆ ಚಲನಚಿತ್ರವು ಶಾಲಾ ವ್ಯವಸ್ಥೆಯನ್ನೇ ಬದಲಿಸುತ್ತದೆ ಎಂದು ಆತ 1913ರಲ್ಲಿ ಭವಿಷ್ಯ ನುಡಿದ. ಆ ಹತ್ತು ವರ್ಷ ಇನ್ನೂ ನಡೆಯುತ್ತಿದೆ ಎಂಬುದು ಈ ಶಾಸ್ತ್ರದ ಕಾಲಗಣನೆ. 1954ರಲ್ಲಿ ಬಿ.ಎಫ್. ಸ್ಕಿನ್ನರ್, ಉತ್ತರ ಸರಿಯೋ ತಪ್ಪೋ ಎಂದು ಮಗುವಿಗೆ ತಕ್ಷಣ ತಿಳಿಸುವ ಯಂತ್ರವನ್ನು ಮಂಡಿಸಿದ. ಅದಕ್ಕೆ ಮೊದಲು ಆತ ಪಾರಿವಾಳಗಳನ್ನು ಪಳಗಿಸಿದ್ದ; ಶಿಕ್ಷಕರ ತರಬೇತಿಯ ಇತಿಹಾಸ ಬರೆಯುವವರು ಇದನ್ನು ಗಮನಿಸಬೇಕು.

ಭರತಖಂಡದ ಅಧ್ಯಾಯ 1975ರ ಆಗಸ್ಟ್ 1ರಂದು ತೆರೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹವನ್ನು ಒಂದು ವರ್ಷದ ಮಟ್ಟಿಗೆ ಎರವಲು ಪಡೆದು ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಪಾಠ ಇಳಿಸಿದ ಆ ಪ್ರಯೋಗದ ಹೆಸರು ‘ಸೈಟ್’. ನಮ್ಮ ರಾಯಚೂರು, ಗುಲ್ಬರ್ಗ, ಬಿಜಾಪುರ ಸೀಮೆಯ ಹಳ್ಳಿಗಳೂ ಅದರಲ್ಲಿದ್ದವು. ಬೆಳಿಗ್ಗೆ ಮಕ್ಕಳಿಗೆ, ಸಂಜೆ ದೊಡ್ಡವರಿಗೆ. ವರ್ಷ ತುಂಬಿದೊಡನೆ ಉಪಗ್ರಹ ತನ್ನ ದೇಶದ ಕಡೆಗೆ ಹೊರಟಿತು. ಪಾಠ ಮುಗಿಯುವ ಮೊದಲೇ ಸ್ವಂತ ಊರಿನ ಹತ್ತಿರಕ್ಕೆ ವರ್ಗಾವಣೆ ಪಡೆದ ಪ್ರಥಮ ಶಿಕ್ಷಕ ಎಂಬ ಕೀರ್ತಿ ಅದಕ್ಕೇ ಸಲ್ಲಬೇಕು.

ಬಳಿಕ 1984ರಲ್ಲಿ ‘ಕ್ಲಾಸ್’ ಯೋಜನೆಯಡಿ ಬಿಬಿಸಿ ಮೈಕ್ರೊ ಕಂಪ್ಯೂಟರುಗಳು ಬಂದವು. 2001ರ ಸುಮಾರಿಗೆ ರಾಜ್ಯದ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ಕಲಿಕೆಯ ‘ಮಾಹಿತಿ ಸಿಂಧು’ ಯೋಜನೆ ಹರಿಯಿತು. 2004ರ ಸೆಪ್ಟೆಂಬರ್ 20ರಂದು ಶಿಕ್ಷಣಕ್ಕೆಂದೇ ಎಜುಸ್ಯಾಟ್ ಉಪಗ್ರಹ ಹಾರಿತು. ಚಾಮರಾಜನಗರ ಜಿಲ್ಲೆಯ ಪ್ರಾಥಮಿಕ ಶಾಲೆಗಳ ಮೇಲೆ ಡಿಶ್ ಆಂಟೆನಾಗಳು ಎದ್ದವು. 2010ರಲ್ಲಿ ಉಪಗ್ರಹ ನಿವೃತ್ತವಾಯಿತು. 2017ರಲ್ಲಿ ದೀಕ್ಷಾ ಎಂಬ ಡಿಜಿಟಲ್ ಕಲಿಕಾ ವೇದಿಕೆ ಬಂತು, ಪಠ್ಯಪುಸ್ತಕದ ಪುಟಗಳಲ್ಲಿ ಕ್ಯುಆರ್ ಕೋಡ್‌ಗಳು ಮೂಡಿದವು.

ದ್ವಿತೀಯ ಸೂತ್ರ: ಯಂತ್ರವು ತೋರಣದಿಂದ ಬಂದು ಬೀರುವಿನಲ್ಲಿ ಲೀನವಾಗುತ್ತದೆ.

ಭಾಷ್ಯ: ಇದಕ್ಕೆ ಶಿಕ್ಷಕರ ಸೋಮಾರಿತನ ಕಾರಣವೆಂದು ಅಲ್ಪಜ್ಞರು ಹೇಳುತ್ತಾರೆ. ನಿಜವಾದ ಕಾರಣ ದಾಸ್ತಾನು ವಹಿ. ಪ್ರೊಜೆಕ್ಟರ್ ಬಳಸಿ ಕೆಟ್ಟರೆ ಆಡಿಟ್ ಆಕ್ಷೇಪಣೆ ಬರುತ್ತದೆ. ಬಳಸದೆ ಕೆಟ್ಟರೆ ‘ಸುಸ್ಥಿತಿಯಲ್ಲಿದೆ’ ಎಂದು ವರ್ಷ ವರ್ಷವೂ ಬರೆಯಬಹುದು. ಬಳಸಿದವನಿಗೆ ನೋಟಿಸ್, ಬೀಗ ಹಾಕಿದವನಿಗೆ ನಿರಾಳ. ಇಂಥ ನಿಯಮವಿದ್ದಲ್ಲಿ ಯಾವ ಯಂತ್ರವಾದರೂ ಬೀರುವನ್ನೇ ಸೇರುತ್ತದೆ. ಅಲ್ಲಿ ಮೊದಲೇ ಇರುವ ಗ್ಲೋಬು, ಹಾರ್ಮೋನಿಯಂ, ವಿಜ್ಞಾನದ ಕಿಟ್ ಅದನ್ನು ಬರಮಾಡಿಕೊಳ್ಳುತ್ತವೆ.

ಪ್ರಮಾಣ ಕಾಂಡ

ಜ್ಞಾನಕ್ಕೆ ಸಾಧನಗಳು ಆರು ಎಂದು ಅದ್ವೈತ ವೇದಾಂತಿಗಳು ಒಪ್ಪಿದ್ದಾರೆ. ಕಲಿಕೆ ನಡೆದಿದೆ ಎಂದು ಸಾಬೀತುಪಡಿಸಲೂ ಅಷ್ಟೇ ಸಾಕು.

ಪ್ರತ್ಯಕ್ಷವೆಂದರೆ ಫೋಟೊ. ಅದರಲ್ಲಿ ಬ್ಯಾನರ್, ಸಮಯ, ಅಕ್ಷಾಂಶ, ರೇಖಾಂಶ ಇರಬೇಕು. ಮಕ್ಕಳಿಗೆ ಅಕ್ಷಾಂಶ ರೇಖಾಂಶ ಗೊತ್ತಿರಬೇಕೆಂಬ ನಿಯಮವಿಲ್ಲ, ಫೋಟೊಗೆ ಗೊತ್ತಿದ್ದರೆ ಸಾಕು.

ಅನುಮಾನ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಕ್ಯುಆರ್ ಕೋಡೋ ಅಲ್ಲಿ ಕಲಿಕೆ. ಸ್ಕ್ಯಾನ್ ಮಾಡಲು ಫೋನು ಯಾರ ಬಳಿ ಇದೆ ಎಂಬುದು ಹೇತ್ವಾಭಾಸ.

ಉಪಮಾನ: ‘ಪಕ್ಕದ ಕ್ಲಸ್ಟರ್ ನೂರಕ್ಕೆ ನೂರು ಆಗಿದೆ, ನಿಮ್ಮದೇಕೆ ಬಾಕಿ ಮೇಷ್ಟ್ರೇ?’ ಪಕ್ಕದ ಕ್ಲಸ್ಟರಿನವರಿಗೂ ಇದೇ ಹೊತ್ತಿಗೆ ನಮ್ಮ ಉಪಮಾನ ಕೊಡಲಾಗುತ್ತಿರುತ್ತದೆ.

ಶಬ್ದಪ್ರಮಾಣವೆಂದರೆ ಸುತ್ತೋಲೆ. ಅದರಲ್ಲಿ ‘ಅತಿ ಜರೂರು’ ಎಂಬುದು ಮಂಗಳಾಚರಣೆ, ‘ಇಂದೇ ಮಧ್ಯಾಹ್ನ 3 ಗಂಟೆಯೊಳಗೆ’ ಎಂಬುದು ಫಲಶ್ರುತಿ. ತಲುಪುವುದು ಎರಡೂವರೆಗೆ.

ಅರ್ಥಾಪತ್ತಿಗೆ ಹಳೆಯ ದೃಷ್ಟಾಂತವೇ ಸಾಕು: ದೇವದತ್ತ ಹಗಲು ಉಣ್ಣುವುದಿಲ್ಲ, ಆದರೂ ದಪ್ಪಗಿದ್ದಾನೆ, ಆದ್ದರಿಂದ ರಾತ್ರಿ ಉಣ್ಣುತ್ತಾನೆ. ಹಾಗೆಯೇ ಮೇಷ್ಟ್ರು ಹಗಲೆಲ್ಲ ಪಾಠ ಮಾಡುತ್ತಾರೆ, ಆದರೂ ಅಪ್‌ಲೋಡ್ ಪೂರ್ತಿಯಾಗಿದೆ, ಆದ್ದರಿಂದ ರಾತ್ರಿ ಹನ್ನೊಂದಕ್ಕೆ ಸರ್ವರ್ ಖಾಲಿಯಿದ್ದಾಗ ಮಾಡುತ್ತಾರೆ.

ಕೊನೆಯದು ಅನುಪಲಬ್ಧಿ, ಅಂದರೆ ಇಲ್ಲದಿರುವುದರ ಜ್ಞಾನ. ಇದರಲ್ಲಿ ಮಲೆನಾಡಿನ ಮಕ್ಕಳನ್ನು ಮೀರಿಸಿದ ಪಂಡಿತರಿಲ್ಲ. ಕೊರೊನಾ ಕಾಲದಲ್ಲಿ ಅವರು ಸಿಗ್ನಲ್ ಹುಡುಕುತ್ತ ಗುಡ್ಡದ ನೆತ್ತಿ ಹತ್ತಿ, ಮಳೆಗೆ ಪ್ಲಾಸ್ಟಿಕ್ ಹೊದಿಸಿದ ಡೇರೆಗಳಲ್ಲಿ ಕೂತು, ಅದರ ಅಭಾವವನ್ನು ಸ್ವಾನುಭವದಿಂದ ಅರಿತರು.

ಮನೋಭಾವ ಕಾಂಡ

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಕ್ಯಾರಲ್ ಡ್ವೆಕ್ ಅವರ ‘ಮೈಂಡ್‌ಸೆಟ್’ 2006ರಲ್ಲಿ ಹೊರಬಂತು. ಬುದ್ಧಿ ಹುಟ್ಟಿನಿಂದ ಬಂದಷ್ಟೇ ಎಂದು ನಂಬಿದ ಮಗು ಸೋಲಿಗೆ ಅಂಜುತ್ತದೆ. ಅಭ್ಯಾಸದಿಂದ ಬೆಳೆಯುತ್ತದೆಂದು ನಂಬಿದ ಮಗು ಮತ್ತೆ ಕೈಹಾಕುತ್ತದೆ. ಮೊದಲನೆಯದು ಜಡ ಮನೋಭಾವ, ಎರಡನೆಯದು ಬೆಳವಣಿಗೆಯ ಮನೋಭಾವ. ಮಕ್ಕಳ ವಿಷಯದಲ್ಲಿ ಹೇಳಿದ ಈ ತತ್ತ್ವವು ತರಬೇತಿ ಕೊಠಡಿಯ ಪಿಪಿಟಿ ತಲುಪುವಷ್ಟರಲ್ಲಿ ಶಿಕ್ಷಕರ ಮೇಲೆ ಹೀಗೆ ತಿರುಗಿದೆ:

‘ಸಾರ್, ಶಾಲೆಗೆ ಕರೆಂಟ್ ಬರೋದೇ ಮಧ್ಯಾಹ್ನದ ಮೇಲೆ’ ಎಂದರೆ ಜಡ ಮನೋಭಾವ. ಸ್ವಂತ ದುಡ್ಡಿನಲ್ಲಿ ಪವರ್ ಬ್ಯಾಂಕ್ ಕೊಂಡರೆ ಬೆಳವಣಿಗೆಯ ಮನೋಭಾವ. ‘ಒಂದೇ ಫೋನಿನಲ್ಲಿ ಇಡೀ ತರಗತಿಗೆ ಹೇಗೆ ತೋರಿಸಲಿ?’ ಎಂಬುದು ಜಡ. ‘ಸುತ್ತ ಕೂರಿಸಿಕೊಂಡು ತೋರಿಸಿದೆ ಸಾರ್’ ಎಂಬುದು ಬೆಳವಣಿಗೆ. ಹಿಂದೆ ಕೂತವರಿಗೆ ಕಂಡಿತೇ ಎಂದು ಯಾರಾದರೂ ಕೇಳಿದರೆ, ಅವರದು ಮತ್ತೆ ಜಡ. ಸರ್ವರ್ ನಿಂತುಹೋದರೆ ಏನು ಗತಿ? ಸರ್ವರ್‌ಗೆ ಮನಸ್ಸಿಲ್ಲವಾದ್ದರಿಂದ ಮನೋಭಾವವೂ ಇಲ್ಲ. ಹಾಗಾಗಿ ದೋಷವು ಅಲ್ಲೇ ಹತ್ತಿರದಲ್ಲಿರುವ ಮನಸ್ಸುಳ್ಳ ಪ್ರಾಣಿಗೆ, ಅಂದರೆ ಶಿಕ್ಷಕನಿಗೆ, ಸಲ್ಲುತ್ತದೆ.

ಬರೀ ‘ಇನ್ನಷ್ಟು ಪ್ರಯತ್ನಿಸು’ ಎಂದು ಬೆನ್ನು ತಟ್ಟಿದರೆ ಸಾಲದು, ದಾರಿ ಕಾಣದೆ ನಿಂತವರಿಗೆ ಬೇರೆ ದಾರಿ ತೋರಿಸಿ ನೆರವಾಗಬೇಕು ಎಂದು ಡ್ವೆಕ್ ಅವರೇ 2015ರಲ್ಲಿ ಎಚ್ಚರಿಸಿದ್ದಾರೆ. ಆ ಸ್ಲೈಡ್ ಊಟವಾದ ಮೇಲೆ ಬರಬೇಕಿತ್ತು; ಗ್ರೂಪ್ ಫೋಟೊದ ಗಡಿಬಿಡಿಯಲ್ಲಿ ಬಿಟ್ಟುಹೋಗಿದೆ.

ತೃತೀಯ ಸೂತ್ರ: ಮನೋಭಾವ ಬದಲಾಗಬೇಕಾದದ್ದು ಯಾವಾಗಲೂ ಕೆಳಗಿನವರದು.

ಪೂರ್ವಪಕ್ಷ

ಇಲ್ಲಿ ಪೂರ್ವಪಕ್ಷಿಯೊಬ್ಬ ಎದ್ದು ನಿಲ್ಲುತ್ತಾನೆ. ‘ಎಲೈ ಶಾಸ್ತ್ರಕಾರನೇ, ಯಂತ್ರವನ್ನೇ ಹೀಗಳೆಯುತ್ತೀಯಲ್ಲ! ಹೃದಯದ ಕವಾಟ ತೆರೆದು ಮುಚ್ಚುವುದನ್ನು ನಿನ್ನ ಬಣ್ಣದ ಸೀಮೆಸುಣ್ಣ ತೋರಿಸೀತೆ? ಇಂಗ್ಲಿಷ್ ಉಚ್ಚಾರಣೆಯನ್ನು ನಿನ್ನ ನಾಲಗೆಯಿಂದ ಕಲಿತ ಮಕ್ಕಳ ಪಾಡೇನು?’

ಸಿದ್ಧಾಂತ: ಒಪ್ಪಿದೆ. ಎರಡನೆಯ ಪ್ರಶ್ನೆಯನ್ನು ಇನ್ನೂ ಬೇಗ ಒಪ್ಪಿದೆ. ಹೃದಯದ ಕವಾಟದ ವಿಡಿಯೊ ತೋರಿಸಿದ ದಿನ ಮಕ್ಕಳು ಬಿಡುವಿನ ಗಂಟೆ ಹೊಡೆದರೂ ಏಳಲಿಲ್ಲ. ಆಗಿನ ತಕರಾರು ಒಂದೇ: ಅವರು ಪ್ರಶ್ನೆ ಕೇಳುತ್ತಿದ್ದ ಹೊತ್ತಿಗೆ ಮೇಷ್ಟ್ರು ವಿಡಿಯೊ ತೋರಿಸಿದ್ದಕ್ಕೆ ಸಾಕ್ಷಿಯಾಗಿ ಸ್ಕ್ರೀನ್‌ಶಾಟ್ ಕಳಿಸುತ್ತಿದ್ದರು.

ಇನ್ನು ಯಂತ್ರವಿಲ್ಲದೆ ನಡೆದದ್ದನ್ನೂ ಕೇಳು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ನಲಿ-ಕಲಿ ಆರಂಭಿಸಿದರು. ಮಗು ತನ್ನ ವೇಗದಲ್ಲೇ ಕಲಿಕಾ ಏಣಿ ಹತ್ತುತ್ತದೆ, ಒಂದು ಕಾರ್ಡ್ ಮುಗಿಸಿ ಇನ್ನೊಂದನ್ನು ತಾನೇ ತೆಗೆದುಕೊಳ್ಳುತ್ತದೆ. ಇವತ್ತು ಆ್ಯಪ್‌ಗಳು ‘ವೈಯಕ್ತಿಕ ಕಲಿಕೆ’ ಎಂದು ಚಂದಾ ಕೇಳುವುದು ಇದಕ್ಕೇ. ಅಂದು ಬೇಕಾದದ್ದು ರಟ್ಟು, ಬಣ್ಣ, ಮತ್ತು ಯೋಚಿಸಿ ನೋಡಲು ಶಿಕ್ಷಕರಿಗೆ ಸಿಕ್ಕ ಅವಕಾಶ.

ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಆಗಸ್ಟಿನಲ್ಲಿ ಬಂದ ವಿದ್ಯಾಗಮ ಯೋಜನೆಯೂ ಸಾಕ್ಷಿ. ಸ್ಮಾರ್ಟ್‌ಫೋನ್ ಉಳ್ಳವರು, ಸಾದಾ ಫೋನ್ ಉಳ್ಳವರು, ಏನೂ ಇಲ್ಲದವರು ಎಂದು ಮಕ್ಕಳನ್ನು ವಿಂಗಡಿಸಿಕೊಂಡ ಶಿಕ್ಷಕರು ದೇವಸ್ಥಾನದ ಅಂಗಳ, ಅರಳಿಕಟ್ಟೆ, ಸಮುದಾಯ ಭವನಗಳಲ್ಲಿ ಪಾಠ ಹೇಳಿದರು. ಸೋಂಕು ಹರಡುವ ಭಯದಿಂದ ಅಕ್ಟೋಬರಿನಲ್ಲಿ ಅದು ನಿಂತಿತು. ಆದರೆ ಏನೂ ಇಲ್ಲದ ಮಗುವಿನ ಬಳಿಗೆ ಹೋಗಬಲ್ಲ ಆ್ಯಪ್ ಮೇಷ್ಟ್ರ ಕಾಲೊಂದೇ ಎಂಬುದು ಆ ಎರಡು ತಿಂಗಳಲ್ಲಿ ಸಿದ್ಧವಾಯಿತು.

ಫಲಶ್ರುತಿ ಮತ್ತು ನಿರ್ಣಯ

ಈ ಶಾಸ್ತ್ರವನ್ನು ದಿನಕ್ಕೊಮ್ಮೆ ಪಠಿಸುವವರಿಗೆ ಓಟಿಪಿ ಅವಧಿ ಮುಗಿಯುವ ಮೊದಲೇ ಬರುವುದು. ಕೇಳಿದ ಮಾಹಿತಿಯನ್ನೇ ಇನ್ನೊಂದು ನಮೂನೆಯಲ್ಲಿ ಮತ್ತೆ ಕೇಳುವವರು ಒಂದು ವಾರ ರಜೆ ಹಾಕುವರು. ಪ್ರೊಜೆಕ್ಟರ್ ಇರುವ ಬೀರುವಿನ ಕೀಲಿ ಹಿಂದಿನ ಹೆಚ್‌ಎಂ ಮನೆಯಲ್ಲಿ ಸಿಗುವುದು.

ನಿರ್ಣಯ ಇಷ್ಟು: ಕಲಿಸುವ ಯಂತ್ರ ಶಾಲೆಗೆ ಬೇಕು. ಯಂತ್ರದ ಹೆಸರಿನಲ್ಲಿ ಬಂದ ಲೆಕ್ಕ ಹಾಕುವ ಚಟ ಬೇಡ. ಮಗುವಿಗೆ ಸಲ್ಲಬೇಕಾದ ಮೇಷ್ಟ್ರ ಹೊತ್ತನ್ನು ಫಾರ್ಮುಗಳು ತಿನ್ನುತ್ತಿರುವಾಗ, ಶಿಕ್ಷಕರ ಮನೋಭಾವ ಎಷ್ಟು ಬೆಳೆದರೂ ಮಕ್ಕಳ ಓದು ಬೆಳೆಯದು. ಆದ್ದರಿಂದ ಶಾಲಾ ಭೇಟಿಗೆ ಬರುವ ಮಾನ್ಯರಲ್ಲಿ ಒಂದು ಅರಿಕೆ: ಮುಂದಿನ ಸಲ ಬಂದಾಗ ಫೋಟೊ, ಸ್ಕ್ರೀನ್‌ಶಾಟ್, ಶೇಕಡಾವಾರು ಕೇಳುವ ಮೊದಲು ಹಿಂದಿನ ಸಾಲಿನ ಒಂದು ಮಗುವನ್ನು ಹತ್ತಿರ ಕರೆಯಿರಿ. ಪುಸ್ತಕ ತೆರೆದು ಅರ್ಧ ಪುಟ ಓದಿಸಿ. ಓದಲು ಬಂದರೆ ಪಾಠ ನಡೆದಿದೆ. ಬಾರದಿದ್ದರೆ ನಮ್ಮನ್ನು ಅದಕ್ಕಾಗಿ ಕೇಳಿ, ಉತ್ತರ ಕೊಡುತ್ತೇವೆ.